ಕರೆಂಟ್ ಹೋದಾಗ ಮುಟ್ಟುವವನು

೪ ಮೇ ೧೯೮೭, ಸೋಮವಾರ. ರಾಯಚೂರು

ಡಾಕ್ಟರ್ ಬಸವಂತಮ್ಮನವರ ಹೆರಿಗೆ ಆಸ್ಪತ್ರೆಯಿಂದ ಕರೆ ಬಂದಿತ್ತು. ಹೈದರಾಬಾದಿನಿಂದ ಯು.ಪಿ.ಎಸ್. ಎಂಬ ಹೊಸ ದೇವರು ಬಂದು ಕೂತಿದೆ. ಬೀರುವಿನಷ್ಟು ಎತ್ತರದ ಕಬ್ಬಿಣದ ಪೆಟ್ಟಿಗೆ, ಪಕ್ಕದಲ್ಲಿ ಬ್ಯಾಟರಿಗಳ ಸಾಲು. ಬೀದಿಯ ಕರೆಂಟ್ ಹೋದ ಕೂಡಲೇ ಇದು ಕರೆಂಟ್ ಕೊಡುತ್ತದೆ. ತಿಂಗಳು ತುಂಬದ ಕೂಸುಗಳನ್ನು ಇಡುವ ಕಾವಿನ ಪೆಟ್ಟಿಗೆ ತಣ್ಣಗಾಗದಿರಲಿ ಎಂದು ಇಷ್ಟೆಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದ ಹೊಗೆ ಕಾಣುವ ಊರಿನಲ್ಲಿ ದಿನಾ ಹನ್ನೆರಡರಿಂದ ಎರಡರವರೆಗೆ ಕರೆಂಟ್ ಇರುವುದಿಲ್ಲ, ಅದಕ್ಕೆ ಡಾಕ್ಟರಮ್ಮ ಏನು ಮಾಡಬೇಕು?

ತಕರಾರು ಏನೆಂದರೆ, ಕಾವಿನ ಪೆಟ್ಟಿಗೆಯ ಕಬ್ಬಿಣದ ಸ್ಟ್ಯಾಂಡು ನರ್ಸುಗಳನ್ನು ಮುಟ್ಟುತ್ತದಂತೆ. ಅವರು ಅದನ್ನು ಮುಟ್ಟುವುದಲ್ಲ, ಅದು ಅವರನ್ನು. ಅದೂ ಕರೆಂಟ್ ಹೋಗಿ ಯು.ಪಿ.ಎಸ್. ನಡೆಯುವಾಗ ಮಾತ್ರ.

ನಕ್ಕುಬಿಟ್ಟೆ. ಹನ್ನೆರಡಕ್ಕೆ ಕರೆಂಟ್ ಹೋಯಿತು, ಸ್ಟ್ಯಾಂಡ್ ಮುಟ್ಟಿದೆ. ಏನೂ ಇಲ್ಲ. ಡಾಕ್ಟರಮ್ಮನೂ ಮುಟ್ಟಿದರು. “ನನಗೂ ಏನೂ ಆಗವಲ್ದು ಗದ್ದೆಪ್ಪ. ಈ ಹುಡಿಗ್ಯಾರಿಗೆ ಬಿಸಲು ತಲಿಗೇರೇದ,” ಎಂದರು.

ಈ ಕಟ್ಟಡದ ವೈರಿಂಗ್ ನನ್ನ ಕೈಯದೇ. ೧೯೭೮ರಲ್ಲಿ ನನ್ನ ಜೋಡಿ ವೈರ್‌ಮ್ಯಾನ್ ಯಂಕೋಬಣ್ಣನ ಜೊತೆ ಮಾಡಿದ್ದು. ಒಂಬತ್ತು ವರ್ಷ ಒಂದು ದೂರು ಬಂದಿಲ್ಲ. ತಪ್ಪಿದ್ದರೆ ಹೈದರಾಬಾದಿನವರ ಪೆಟ್ಟಿಗೆಯಲ್ಲಿದೆ.

೬ ಮೇ, ಬುಧವಾರ

ಕೂಸುಗಳ ಕೋಣೆಯ ನರ್ಸು ಹತ್ತೊಂಬತ್ತರ ಹುಡುಗಿ, ಚುರುಕು. ಹೋದ ತಿಂಗಳಷ್ಟೇ ತರಬೇತಿ ಮುಗಿಸಿ ಸೇರಿದ್ದಾಳೆ. “ಕಾಕಾ, ನನ್ನ ಗುರ್ತು ಸಿಗಲಿಲ್ಲೇನ್ರಿ? ನಾ ಯಮನಮ್ಮ. ದೇವದುರ್ಗದ ಯಂಕೋಬನ ಮಗಳು,” ಎಂದಳು.

ಕೈಯಲ್ಲಿದ್ದ ಕಟಿಂಗ್ ಪ್ಲೇಯರ್ ಕೆಳಗೆ ಬಿತ್ತು. ಅಪ್ಪ ಸತ್ತಾಗ ಇವಳು ಹನ್ನೊಂದರವಳು. ಹೆಣದ ಹತ್ತಿರ ನಿಂತು, ಅಪ್ಪನ ಬೆರಳುಗಳನ್ನು ಬಿಡಿಸಲು ನೋಡುತ್ತಿದ್ದಳು. ಅವು ಮಡಿಚಿಕೊಂಡೇ ಇದ್ದವು.

ಆಮೇಲೆ ಮೆಲ್ಲಗೆ ಹೇಳಿದಳು. “ಕಾಕಾ, ಅದು ಶಾಕ್ ಹೊಡದಂಗ ಅಲ್ರಿ. ಯಾರೋ ಬೆರಳ ಹಿಂಬದಿಲಿಂದ ಎರಡ ಸಲ ತಟ್ಟಿದಂಗ ಆಕ್ಕತಿ. ನಮ್ಮಪ್ಪ ಹಂಗ ತಟ್ಟತಿದ್ದ. ನಿಮಗ ನೆನಪೈತಿಲ್ಲ?”

ನೆನಪಿಲ್ಲದೆ ಏನು. ವೈರ್‌ಮ್ಯಾನ್ ಆದವನು ಗುರುತಿಲ್ಲದ ಕಬ್ಬಿಣವನ್ನು ಅಂಗೈಯಿಂದ ಮುಟ್ಟುವುದಿಲ್ಲ. ಕರೆಂಟ್ ಇದ್ದರೆ ಬೆರಳು ಮಡಿಚಿ ಅದನ್ನೇ ಹಿಡಿದುಕೊಳ್ಳುತ್ತದೆ, ಬಿಡಿಸಿಕೊಳ್ಳಲಾಗದು. ಬೆರಳ ಹಿಂಬದಿಯಿಂದ ಮುಟ್ಟಿದರೆ ಕೈ ತಾನಾಗಿ ದೂರ ಹಾರುತ್ತದೆ. ನಮ್ಮಿಬ್ಬರಿಗೂ ಮಾನ್ವಿಯ ಗುಡುಸಾಬ್ ಉಸ್ತಾದರು ಕಲಿಸಿದ ಮೊದಲ ಪಾಠ ಇದು. ಯಂಕೋಬಣ್ಣನಿಗೆ ಅದು ಚಟವೇ ಆಗಿತ್ತು. ಮನುಷ್ಯರನ್ನೂ ಹಾಗೇ ಕರೆಯುತ್ತಿದ್ದ, ಹೆಗಲ ಮೇಲೆ ತಟ್, ತಟ್. ಮನೆಗೆ ಬಂದರೆ ಬಾಗಿಲಿಗೂ ಹಾಗೇ. ಆ ಸದ್ದಿಗೆ ಅವನ ಹೆಂಡತಿ ಮಾನಮ್ಮ ಅತ್ತಿಗೆ ಒಳಗಿಂದಲೇ ತಲೆ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. “ನಾ ಏನ್ ತಹಶೀಲ್ದಾರನೇನ?” ಎಂದು ಅವನು ನಗುತ್ತಿದ್ದ.

“ಅವೆಲ್ಲ ಇಲ್ಲದ್ದು,” ಎಂದೆ. ಅವಳು ಗಡಿಯಾರದ ಕಡೆ ತಿರುಗಿದಳು. ಹನ್ನೆರಡಾಗುವುದನ್ನು ಕಾಯುತ್ತಿದ್ದಳು.

೯ ಮೇ, ಶನಿವಾರ

ಯು.ಪಿ.ಎಸ್. ಬಿಚ್ಚಿ ನೋಡಿದೆ. ಬ್ಯಾಟರಿ ನೋಡಿದೆ. ಕೇಬಲ್ ಪೂರ್ತಿ, ಸೋರಿಕೆ ಅಳೆಯುವ ಮೆಗ್ಗರ್ ಹಾಕಿ ನೋಡಿದೆ. ಎಲ್ಲ ಸರಿ ಇದೆ. ಕೋಣೆಯ ಸ್ವಿಚ್ ಬೋರ್ಡು ನಾನು ಹಾಕಿದ್ದು, ಅದನ್ನು ತೆರೆಯುವ ಅಗತ್ಯ ಕಾಣಲಿಲ್ಲ.

ಆದರೆ ಒಂದು ಹೊಳೆಯಿತು. ಕೂಸುಗಳ ಕೋಣೆಗೆ ನರ್ಸುಗಳು, ಬಾಣಂತಿಯರು ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಬರುತ್ತಾರೆ. ಡಾಕ್ಟರಮ್ಮನ ಕಾಲಲ್ಲಿ ಮಾತ್ರ ಆಸ್ಪತ್ರೆಯ ರಬ್ಬರ್ ಚಪ್ಪಲಿ. ನನ್ನ ಕಾಲಲ್ಲೂ ರಬ್ಬರ್, ವೈರ್‌ಮ್ಯಾನ್ ಅದನ್ನು ದೇವರ ಮುಂದೆ ಮಾತ್ರ ಬಿಡುತ್ತಾನೆ. ಇವತ್ತು ಬಿಟ್ಟೆ.

ಹೊರಗೆ ರಣ ಬಿಸಿಲು. ಹನ್ನೆರಡಕ್ಕೆ ಫ್ಯಾನುಗಳು ನಿಂತವು. ಆಸ್ಪತ್ರೆಯ ಎಲ್ಲ ಸದ್ದೂ ಒಮ್ಮೆಲೇ ನಿಂತು, ಯು.ಪಿ.ಎಸ್. ಗುಂಯ್ ಎನ್ನುವುದೊಂದೇ ಉಳಿಯಿತು. ಅಳುತ್ತಿದ್ದ ಕೂಸು ಕೂಡ ಬಾಯಿ ಮುಚ್ಚಿತು. ಒರೆಸಿದ ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಸ್ಟ್ಯಾಂಡಿಗೆ ಬೆರಳ ಹಿಂಬದಿ ತಾಗಿಸಿದೆ.

ತಟ್. ತಟ್.

ಇಪ್ಪತ್ತೆರಡು ವರ್ಷದಿಂದ ಕರೆಂಟಿನ ಪೆಟ್ಟು ತಿಂದಿದ್ದೇನೆ. ಕರೆಂಟು ಝುಮ್ಮೆನ್ನುತ್ತದೆ, ಬಿಡದೆ ನಡುಗಿಸುತ್ತದೆ. ಅದು ತಟ್ಟುವುದಿಲ್ಲ. ಎಣಿಸಿ ಎರಡು ಸಲ ತಟ್ಟುವುದಂತೂ ಇಲ್ಲವೇ ಇಲ್ಲ.

ಯಮನಮ್ಮ ನನ್ನ ಮುಖ ನೋಡಿ ನಕ್ಕಳು. ಅವಳ ನಗೆಯಲ್ಲಿ ಹೆದರಿಕೆ ಇರಲಿಲ್ಲ. ನಾನು ಹೊರಗೆ ಹೋಗಿ ಚಪ್ಪಲಿ ಮೆಟ್ಟಿದೆ.

೧೨ ಮೇ

ಬೆಳಿಗ್ಗೆ ಚಹಾ ಕೇಳಿದೆ. “ಎರಡ ಕಪ್ಪು ಯಾಕ? ಯಾರು ಬಂದಾರ?” ಎಂದು ಗೋಪಮ್ಮ ಕೇಳಿದಳು. ಹೆಂಡತಿಗೆ ಎಲ್ಲದಕ್ಕೂ ಪ್ರಶ್ನೆ. ನಾವು ಒಂಬತ್ತಕ್ಕೇ ಆಸ್ಪತ್ರೆಗೆ ಹೋದೆವು. ಸೆಕೆ ಬಹಳ.

೧೪ ಮೇ, ಗುರುವಾರ

ಬರೆದಿಟ್ಟರೆ ತಲೆಯಿಂದ ಹೋಗುತ್ತದೇನೋ.

೧೯೭೯ರ ಮೇ ೨೧, ದೇವದುರ್ಗ. ನಾವಿಬ್ಬರೂ ವೈರಿಂಗ್ ಮಾಡಿದ ಹೊಸ ಅಕ್ಕಿ ಗಿರಣಿಯ ಪೂಜೆ. ಮೋಟಾರಿಗೆ ಕುಂಕುಮ ಹಚ್ಚಿ ಹಾರ ಹಾಕಿದ್ದರು. ನೆಲ ತೊಳೆದು ರಂಗೋಲಿ ಹಾಕಿದ್ದರು, ಎಲ್ಲರೂ ಬರಿಗಾಲು. ಮಂಗಳಾರತಿಯ ಹೊತ್ತಿಗೆ ದೀಪಗಳೆಲ್ಲ ಆರಿದವು. ಯಂಕೋಬಣ್ಣ, “ಕರೆಂಟ್ ಹೋತು, ಅಂಜಬ್ಯಾಡ್ರಿ,” ಎಂದು ಮುಂದೆ ಹೋಗಿ ಮೋಟಾರಿನ ಮೇಲೆ ಕೈ ಇಟ್ಟ. ಅಂಗೈ. ಕರೆಂಟ್ ಇಲ್ಲವೆಂದ ಮೇಲೆ ಯಾರು ಬೆರಳ ಹಿಂಬದಿ ನೋಡುತ್ತಾರೆ?

ಅವನು ಕುಡಿದಿದ್ದ, ಮೇನ್ ಸ್ವಿಚ್ ತೆಗೆಯದೆ ಮುಟ್ಟಿದ ಎಂದು ಪಂಚನಾಮೆಯಲ್ಲಿ ಬರೆದರು. ನಾನೂ ಸಹಿ ಹಾಕಿದೆ.

ಹೋಗಲಿಲ್ಲ.

೧೭ ಮೇ, ಭಾನುವಾರ. ಮಾನ್ವಿ

ಉಸ್ತಾದರನ್ನು ಕೇಳಿಬರಲು ಬಸ್ಸು ಹತ್ತಿದೆ. ಎರಡು ಟಿಕೆಟ್ ಕೇಳಿದೆನಂತೆ, ಕಂಡಕ್ಟರ್ ಪಕ್ಕದ ಖಾಲಿ ಸೀಟು ನೋಡಿ ಏನೋ ಗೊಣಗಿದ.

ಗುಡುಸಾಬ್ ಉಸ್ತಾದರಿಗೆ ಈಗ ಕಣ್ಣು ಮಂಜು. ರಂಜಾನ್ ಉಪವಾಸ ಬೇರೆ. ನಾನು ಎಲ್ಲ ಹೇಳಿದೆ. ಅವರು ಕೇಳಿದರು, “ಯು.ಪಿ.ಎಸ್. ಜೋಡಿ ಬಂದ ಹೊಸಾ ಸ್ವಿಚ್ಚು, ಕರೆಂಟ್ ಹೋದಾಗ ಒಂದ ತಂತಿ ಬಿಡಸತದೋ, ಎರಡೂ ಬಿಡಸತದೋ?”

“ಎರಡೂನು ಉಸ್ತಾದ್. ಫೇಸ್, ನ್ಯೂಟ್ರಲ್ ಎರಡೂ.”

“ಹಂಗಾದ್ರ ಕೇಳು ಬೇಟಾ. ನ್ಯೂಟ್ರಲ್ ಅಂದ್ರ ಕರೆಂಟ್ ವಾಪಸ್ ಹೋಗೋ ದಾರಿ. ಬೀದಿ ಟ್ರಾನ್ಸ್‌ಫಾರ್ಮರ್‌ದಾಗ ಆ ದಾರಿಗೆ ನೆಲದ ಕೂಡ ಗಂಟು ಹಾಕಿರತಾರ. ಆ ಗಂಟು ಇರೋತನಕ ಎಲ್ಲಾ ಅಮನ್, ಶಾಂತ. ನಿಮ್ಮ ಹೊಸಾ ಸ್ವಿಚ್ಚು ಆ ದಾರೀನ ಕಡದು ಹಾಕತದ. ಯು.ಪಿ.ಎಸ್. ಕರೆಂಟ್ ಕೊಡತದ ಖರೆ, ಆದ್ರ ಅದಕ್ಕ ನೆಲಾನ ಇಲ್ಲ. ನೆಲ ಇಲ್ಲದ ಕರೆಂಟು ನೆಲ ಹುಡುಕತದ. ಯಾರ ಕಾಲಡಿ ನೆಲ ಹಸಿ ಅದನೋ, ಅವರ ಮೈಯಾಗಿಂದ ಹೋಗತದ.”

“ಸ್ಟ್ಯಾಂಡಿಗೆ ಹೆಂಗ ಬರತದ ಉಸ್ತಾದ್? ಅದು ಅರ್ತಿಂಗ್‌ಗೆ ಸೇರಿದ್ದಲ್ಲ?”

ಅವರು ಮಂಜುಗಣ್ಣನ್ನು ನನ್ನ ಕಡೆ ತಿರುಗಿಸಿದರು. “ಕರೆಂಟ್ ನೆಲಕ್ಕ ಇಳಿಯೋ ಅರ್ತಿಂಗ್ ಕುಣಿ ತೋಡಿದ್ದೇನು? ಇಲ್ಲಾ, ಬೋರ್ಡಿನಾಗ ಅರ್ತ್ ತೂತಿನಿಂದ ನ್ಯೂಟ್ರಲ್‌ಗೆ ಒಂದ ತುಂಡು ತಂತಿ ಕಟ್ಟಿ ಕೈ ತೊಳಕೊಂಡಿದ್ದೇನು?”

ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಹೊರಡುವಾಗ ಉಸ್ತಾದರು ಬಾಗಿಲವರೆಗೆ ಬಂದು, “ನಿನ್ನ ಜೋಡಿ ಬಂದಾಂವ ಒಂದ ಮಾತೂ ಆಡಲಿಲ್ಲಲ್ಲ,” ಎಂದರು. ಕಣ್ಣು ಕಾಣದ ಮುದುಕ, ಉಪವಾಸದ ನಿಶ್ಶಕ್ತಿ. ನಾನು ತಿದ್ದಲು ಹೋಗಲಿಲ್ಲ.

೨೦ ಮೇ, ಬುಧವಾರ

ನಿನ್ನೆ ಮೊದಲ ಮಳೆ. ಆಸ್ಪತ್ರೆಯ ಗೋಡೆಯಲ್ಲಿ ತೇವ ಇಳಿದಿದೆ. ಗೋಡೆಯೊಳಗಿನ ಹಳೇ ವೈರು ತೇವ ಕುಡಿದರೆ ಸೋರಿಕೆ ಹೆಚ್ಚುತ್ತದೆ ಎಂದು ನನಗೆ ಗೊತ್ತು.

ಯಮನಮ್ಮ ಬೆರಳು ತೋರಿಸಿದಳು. ಬೆರಳಿನ ಹಿಂಬದಿಯಲ್ಲಿ ಅಕ್ಕಿ ಕಾಳಿನಷ್ಟು ಬೆಳ್ಳಗಿನ ಸುಟ್ಟ ಗುರುತು. “ಇವತ್ತು ಜೋರ ತಟ್ಟಿದ ಕಾಕಾ,” ಎಂದಳು, ಯಾರೋ ಬಳೆ ತಂದುಕೊಟ್ಟ ಹಾಗೆ. “ನಾಳಿಗಿ ಅಪ್ಪ ಹೋಗಿ ಎಂಟ ವರ್ಷ. ಅಂವ ಸಾಯೋ ಹೊತ್ತಿನ್ಯಾಗ ನಾ ಕೈ ಹಿಡೀಲಿಲ್ರಿ. ನಾಳಿಗಿ ಅಂಗೈ ಇಟ್ಟು ಹಿಡೀತೀನಿ. ಪೂರಾ.”

“ಹುಚ್ಚಿ! ಅಂಗೈ ಇಟ್ಟರ ಬಿಡಿಸಿಕೊಳ್ಳಾಕ ಬರೂದಿಲ್ಲ!” ಎಂದು ಗದರಿದೆ.

“ಬಿಡಿಸಿಕೊಳ್ಳೋದು ಯಾಕ್ರಿ ಕಾಕಾ?” ಎಂದಳು.

ಡಾಕ್ಟರಮ್ಮ ಬಾಗಿಲಲ್ಲಿ ನಿಂತಿದ್ದರು. “ಗದ್ದೆಪ್ಪ, ಆಗಿನಿಂದ ಮೂಲ್ಯಾಗ ಯಾರ ಜೋಡಿ ಮಾತಾಡಾಕತ್ತಿದ್ರಿ?” ಎಂದು ಕೇಳಿದರು. ನಾನು ಹುಡುಗಿಯನ್ನು ತೋರಿಸಿದೆ. “ಆಕಿ ಈಗ ಬಂದಾಳ್ರೀ,” ಎಂದರು.

ಹುಡುಗಿ ಸಾಯುತ್ತಾಳೆ. ನಾಳೆ ಹನ್ನೆರಡಕ್ಕೆ ಸಾಯುತ್ತಾಳೆ. ಬೋರ್ಡು ತೆರೆಯಲೇಬೇಕು.

೨೧ ಮೇ, ಗುರುವಾರ

ಹತ್ತು ಗಂಟೆಗೆ ಬೋರ್ಡು ತೆರೆದೆ. ಇತ್ತು. ಅರ್ತ್ ತೂತಿನಿಂದ ನ್ಯೂಟ್ರಲ್‌ಗೆ ಬೆರಳುದ್ದದ ತಾಮ್ರದ ತಂತಿ. ಎಡಕ್ಕೆ ಮೂರು ಸುತ್ತು, ತುದಿ ಒಳಗೆ ಮಡಿಚಿದ್ದು. ಹಾಗೆ ಸುತ್ತುವವನು ನಾನೊಬ್ಬನೇ, ನಾನು ಎಡಚ. ೧೯೭೮ರಲ್ಲಿ ಹಿತ್ತಲಲ್ಲಿ ಅರ್ತಿಂಗ್ ಕುಣಿ ತೋಡುವಾಗ ಒಂದೂವರೆ ಅಡಿಗೆ ಬಂಡೆ ತಾಗಿತ್ತು. ಯಂಕೋಬಣ್ಣ ಬೇರೆ ಕಡೆ ತೋಡೋಣ ಎಂದ. ನಾನೇ ಅವನನ್ನು ಊಟಕ್ಕೆ ಕಳಿಸಿ, ಈ ತುಂಡು ಕಟ್ಟಿ, ಕುಣಿ ಮುಚ್ಚಿ, ಆಯಿತು ಎಂದಿದ್ದೆ. ಟ್ರಾನ್ಸ್‌ಫಾರ್ಮರಿನ ಗಂಟು ಇರುವತನಕ ಅದು ನಡೆಯಿತು. ಈಗ ಕರೆಂಟ್ ಹೋದಾಗಲೆಲ್ಲ ನೆಲ ತಪ್ಪಿದ ನ್ಯೂಟ್ರಲ್‌ಗೆ ಸ್ಟ್ಯಾಂಡನ್ನು ಸೇರಿಸುತ್ತಿದ್ದದ್ದು ಈ ತುಂಡೇ.

ಅದನ್ನು ಕತ್ತರಿಸಿದೆ. ಸ್ಟ್ಯಾಂಡಿನಿಂದ ಅಂಗಳದ ಕೈಪಂಪಿನ ಕೊಳವೆಗೆ ದಪ್ಪ ತಂತಿ ಎಳೆದೆ, ಇವತ್ತಿನ ಮಟ್ಟಿಗೆ. ಇನ್ನೂ ಕೊನೆಯ ನಟ್ಟು ಬಿಗಿಯುತ್ತಿದ್ದೆ, ಫ್ಯಾನುಗಳು ನಿಂತವು.

ಓಡಿದೆ. ಯಮನಮ್ಮ ಕಾಲು ತೊಳೆದುಕೊಂಡು ಬಂದು ಸ್ಟ್ಯಾಂಡಿನ ಮೇಲೆ ಅಂಗೈ ಇಟ್ಟು ನಿಂತಾಗಿತ್ತು. ಬೆರಳು ಬಿಗಿಯಾಗಿ ಹಿಡಿದಿದ್ದಳು. ಕಣ್ಣು ಮುಚ್ಚಿದ್ದಳು.

ಬಹಳ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಕಣ್ಣು ತೆರೆದು, “ಅಪ್ಪ ಇಲ್ಲ,” ಎಂದಳು. ನನ್ನ ಕೈಯಲ್ಲಿದ್ದ ಪ್ಲೇಯರ್ ನೋಡಿದಳು. “ಏನ್ ಮಾಡಿದ್ರಿ ಕಾಕಾ? ಅವಂಗ ಏನ್ ಮಾಡಿದ್ರಿ?”

ಆ ಪ್ರಶ್ನೆಗೆ ನಾನು ಎಂಟು ವರ್ಷದಿಂದ ಉತ್ತರ ಇಟ್ಟುಕೊಂಡಿದ್ದೆ. ಟೂಲ್ ಬ್ಯಾಗಿನ ತಳದಲ್ಲಿ, ಬೀಡಿ ಡಬ್ಬಿಯೊಳಗೆ. ತೆಗೆದು ಅವಳ ಕೈಗೆ ಕೊಟ್ಟೆ. ಇನ್ನೊಂದು ಬೆರಳುದ್ದದ ತಂತಿ, ಎಡಕ್ಕೆ ಮೂರು ಸುತ್ತು.

“ಇದು ದೇವದುರ್ಗದ ಗಿರಣಿದು,” ಎಂದೆ. “ಮುಹೂರ್ತಕ್ಕ ಹೊತ್ತಾಗಿತ್ತು. ಕುಣಿ ತೋಡಲಿಲ್ಲ. ಇದನ್ನ ಕಟ್ಟಿದೆ. ಪೂಜಿ ಹೊತ್ತಿನ್ಯಾಗ ನ್ಯೂಟ್ರಲ್ ಫ್ಯೂಜ್ ಸುಟ್ಟು ದೀಪ ಆರಿತು. ಕರೆಂಟ್ ಹೋಗಿದ್ದಿಲ್ಲವ್ವಾ, ಅದು ವಾಪಸ್ ಹೋಗೋ ದಾರಿ ಮುಚ್ಚಿತ್ತು ಅಷ್ಟ. ಮೋಟಾರಿನ ಮೈಯೆಲ್ಲಾ ಕರೆಂಟ್ ಆಗಿತ್ತು. ಪೊಲೀಸ್ ಸಾಹೇಬರು ಬರೋದ್ರಾಗ ಬಿಚ್ಚಿ ಕಿಸೇದಾಗ ಹಾಕ್ಕೊಂಡೆ. ಇಲ್ಲಿ ನಿನ್ನ ಮುಟ್ಟತಿದ್ದದ್ದು ನಿಮ್ಮಪ್ಪ ಅಲ್ಲ. ಅವನ್ನ ಕೊಂದದ್ದು.”

ಅವಳು ಅಳಲಿಲ್ಲ. ತಂತಿಯನ್ನು ನನಗೇ ವಾಪಸ್ ಕೊಟ್ಟಳು. “ಅವ್ವಗ ನೀವ ಹೇಳ್ರಿ. ನಾ ಹೇಳಾಂಗಿಲ್ಲ,” ಎಂದು ಕೂಸಿನ ಕಡೆ ತಿರುಗಿದಳು.

೨೩ ಮೇ, ಶನಿವಾರ

ಹಿತ್ತಲಲ್ಲಿ ಕುಣಿ ತೋಡಿದೆವು. ಆರು ಅಡಿ. ಉಪ್ಪು, ಇದ್ದಿಲು ತುಂಬಿ, ಕೊಳವೆ ಇಳಿಸಿ, ನೀರು ಹೊಯ್ದೆವು. ಯು.ಪಿ.ಎಸ್. ಕೊಡುವ ನ್ಯೂಟ್ರಲ್‌ಗೆ ಅಲ್ಲಿಯೇ, ಒಂದೇ ಕಡೆ, ನೆಲದ ಗಂಟು ಹಾಕಿದೆ. ಇನ್ನು ಬೀದಿಯ ಕರೆಂಟ್ ಇರಲಿ ಹೋಗಲಿ, ನೆಲ ತಪ್ಪುವುದಿಲ್ಲ.

ಡಾಕ್ಟರಮ್ಮ ಕುಣಿಯೊಳಗೆ ಬಗ್ಗಿ ನೋಡಿದರು. “ಮುಂಜಾನಿಂದ ಒಬ್ಬರ ಇಷ್ಟು ತೋಡಿದ್ರ? ಇಲ್ಲಿ ಬಂಡೆಗಲ್ಲು ಅದ ಅಂತ ನಿನ್ನೆ ಅಂದಿದ್ರಲ್ಲ?”

ಈ ಸಲ ಬಂಡೆ ಸಿಗಲಿಲ್ಲ. ಯಾಕೆಂದು ನನಗೂ ತಿಳಿಯದು. ಜಾಗ ಅದೇ.

೩೦ ಮೇ

ದೇವದುರ್ಗದ ಬಸ್ಸು ಹತ್ತಿದೆ. ಅರ್ಧ ದಾರಿಗೆ ಗಬ್ಬೂರಿನಲ್ಲಿ ಇಳಿದು ವಾಪಸ್ ಬಂದೆ. ಹೇಡಿ.

ಇವತ್ತು ಪಕ್ಕದ ಸೀಟಿನಲ್ಲಿ ಯಾರೋ ಹೆಂಗಸು ಬುಟ್ಟಿ ಇಟ್ಟುಕೊಂಡು ಕೂತಳು. ಅಲ್ಲಿ ಕೂರಬೇಡ ಎಂದು ಜಗಳಕ್ಕೆ ಬಿದ್ದೆ.

೭ ಜೂನ್, ಭಾನುವಾರ. ದೇವದುರ್ಗ

ಹೇಳಿದೆ.

ಮಾನಮ್ಮ ಅತ್ತಿಗೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ತಂತಿಯನ್ನು ಮೊರದ ಅಂಚಿಗೆ ಇಟ್ಟು ಪೂರ್ತಿ ಹೇಳಿ ಮುಗಿಸಿದೆ. ಅವಳು ಕಲ್ಲು ಆರಿಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಒಂದೇ ಮಾತು ಕೇಳಿದಳು.

“ಅವತ್ತು ಅಂವ ಕುಡದಿದ್ದಿಲ್ಲೇನು?”

“ಇಲ್ಲ ಅತ್ತಿಗಿ. ಒಂದ ಹನಿ ಕುಡದಿದ್ದಿಲ್ಲ.”

ಆಗ ಕೈ ನಿಂತಿತು. “ಎಂಟು ವರ್ಷ,” ಎಂದಳು. “ಎಂಟು ವರ್ಷ ದಿನಾ ಬೈದೀನಲ್ಲೋ ಅವನ್ನ. ಕುಡದು ನಮ್ಮನ್ನ ನಡುನೀರಾಗ ಬಿಟ್ಟು ಹೋದಿ, ಅಂತ. ಅಡಿಗಿ ಮಾಡೂ ಮುಂದ ಬೈದೀನಿ, ಮಕ್ಕೊಳೂ ಮುಂದ ಬೈದೀನಿ. ಒಂದ ದಿನ ಸೈತ ಅತ್ತಿಲ್ಲ.”

ಆಮೇಲೆ ಅಳತೊಡಗಿದಳು. ಎಂಟು ವರ್ಷದ್ದನ್ನೆಲ್ಲ ಒಂದೇ ಸಲಕ್ಕೆ. ನಾನು ಹೊಡೆಸಿಕೊಳ್ಳಲು ತಯಾರಾಗಿ ಬಂದಿದ್ದೆ. ಅವಳು ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವಳ ಮನೆಗೆ ಕರೆಂಟ್ ಇಲ್ಲ. ಗಂಡನನ್ನು ತಿಂದದ್ದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಚಿಮಣಿ ದೀಪದಲ್ಲೇ ಮಗಳನ್ನು ಓದಿಸಿದವಳು. ಕತ್ತಲಾಗುವ ಮೊದಲು ನಾನು ಎದ್ದಾಗ, ಮುಖ ಒರೆಸಿಕೊಂಡು ಅಂದಳು, “ಮನಿಗೆ ಕರೆಂಟ್ ಹಾಕು. ನೀನ ಹಾಕು. ಕುಣಿ ನಾನೂ ತೋಡತೀನಿ. ಆಮ್ಯಾಲೆ ನಾ ಹೇಳಿದಂಗ ಮುಟ್ಟಬೇಕು ನೀ.”

೨೮ ಜೂನ್, ಭಾನುವಾರ. ದೇವದುರ್ಗ

ಎರಡು ಕೋಣೆಯ ವೈರಿಂಗ್ ಮುಗಿಯಿತು. ಕುಣಿಯನ್ನು ಅವಳೇ ನಿಂತು ಅಳೆದಳು. ಬೋರ್ಡಿನ ಮುಚ್ಚಳ ಹಾಕುವ ಮೊದಲು ಯಮನಮ್ಮ ಕಂದೀಲು ಹಿಡಿದು ಒಳಗೆಲ್ಲ ನೋಡಿದಳು. ತುಂಡು ತಂತಿಯನ್ನು ಎಲ್ಲಿ ಹುಡುಕಬೇಕೆಂದು ಅವಳಿಗೆ ಈಗ ಗೊತ್ತು.

ಮಾನಮ್ಮ ಕೊಡದ ನೀರು ತಂದು ನನ್ನ ಸುತ್ತ ಸುರಿದಳು. “ಚಪ್ಪಲಿ ಬಿಚ್ಚು,” ಎಂದಳು. ಬಿಚ್ಚಿದೆ. “ಆ ಕಬ್ಬಿಣದ ಡಬ್ಬಿ ಮ್ಯಾಲೆ ಕೈ ಇಡು.” ಮೇನ್ ಸ್ವಿಚ್ಚಿನ ಡಬ್ಬಿಗೆ ಬೆರಳ ಹಿಂಬದಿ ಒಯ್ದೆ, ಅಭ್ಯಾಸಬಲ.

“ಹಂಗಲ್ಲ. ಅಂವ ಇಟ್ಟಂಗ ಇಡು.”

ಅಂಗೈ ಇಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಮಾನಮ್ಮ ಎದುರಿಗೆ ನಿಂತಿದ್ದಳು. ಮಗಳು ಅವಳ ಪಕ್ಕದಿಂದ ಕೈ ಚಾಚಿ ಸ್ವಿಚ್ ಒತ್ತಿದಳು.

ದೀಪ ಹತ್ತಿತು. ಅಂಗೈಗೆ ಕಬ್ಬಿಣದ ತಂಪು ಬಿಟ್ಟು ಬೇರೇನೂ ತಾಗಲಿಲ್ಲ. ಕೆಲಸ ಸರಿಯಾಗಿತ್ತು.

ಆಗ ಹಿಂದಿನಿಂದ ಹೆಗಲ ಮೇಲೆ, ಬೆರಳ ಹಿಂಬದಿಯಿಂದ, ಎರಡು ಸಲ.

ನಾನು ತಿರುಗಲಿಲ್ಲ. ತಾಯಿ ಮಗಳು ಇಬ್ಬರೂ ನನ್ನ ಕಣ್ಣ ಮುಂದೆಯೇ ಇದ್ದರು. ಮಗಳು ಉರಿಯುವ ದೀಪ ನೋಡುತ್ತಿದ್ದಳು. ಮಾನಮ್ಮ ಮಾತ್ರ ನನ್ನ ಹೆಗಲ ಆಚೆ, ಬಾಗಿಲ ಕಡೆ ನೋಡುತ್ತಿದ್ದಳು. ನೋಡುತ್ತಲೇ ಎಡಗೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.